ಕಾಯಕವೂ ಕಸುಬಿನ ಶಿಕ್ಷಣವೂ

(ಶ್ರೀಮಠದ ಮಹೋತ್ಸವದಲ್ಲಿ ನೆರೆದ ಸಭೆಯ ಮುಂದೆ ಮಾಡಿದ ಭಾಷಣ)

ಈ ಮಹೋತ್ಸವಕ್ಕಾಗಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಗಳಿಂದ ಬಂದು ನೆರೆದಿರುವ ಶರಣಬಂಧುಗಳ ಮುಂದೆಯೂ ತಾಯಂದಿರ ಮುಂದೆಯೂ ನನಗೆ ಅಪ್ಪಣೆಯಾಗಿರುವ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ. ನಾನು ಪಂಡಿತನಲ್ಲ, ವಚನಶಾಸ್ತ್ರವನ್ನು ಗುರುಮುಖದಿಂದ ಕ್ರಮವಾಗಿ ಓದಿದವನೂ ಅಲ್ಲ. ಬಹುಕಾಲ ಹುಡುಗರ ಕೈಗೆ ಅರವನ್ನೂ ಸುತ್ತಿಗೆಯನ್ನೂ ಕೊಟ್ಟು ಕಬ್ಬಿಣದ ಕೆಲಸವನ್ನು ಕಲಿಸಿದವನು. ಆದುದರಿಂದ ನನ್ನ ಮಾತಿನಲ್ಲಿ ಶಾಸ್ತ್ರದ ಬೆಳಕಿಗಿಂತ ಕಾರ್ಯಾಗಾರದ ಮಸಿಯೇ ಹೆಚ್ಚಾಗಿ ಕಂಡುಬಂದರೆ ಸಭೆಯವರು ಕ್ಷಮಿಸಬೇಕು.

ವಿಷಯಪ್ರವೇಶಕ್ಕೆ ದೂರ ಹೋಗಬೇಕಾದುದಿಲ್ಲ. ಹೊಳಲ್ಕೆರೆ ತಾಲ್ಲೂಕಿನ ನುಲೇನೂರನ್ನು ತಾವು ಬಲ್ಲಿರಿ. ಕಲ್ಯಾಣದ ವಿಪ್ಲವದ ತರುವಾಯ ಶರಣರು ದಿಕ್ಕುದಿಕ್ಕಿಗೆ ಚೆದುರಿದಾಗ ನುಲಿಯ ಚಂದಯ್ಯನು ಈ ಕಡೆಗೆ ಬಂದು, ದುಮ್ಮಿಯ ಪದ್ಮಾವತಿಗೆ ಬೋಧೆಯಿತ್ತು, ಕೊನೆಗೆ ನುಲೇನೂರಿನಲ್ಲಿ ಐಕ್ಯನಾದನೆಂಬುದು ನಮ್ಮ ಸೀಮೆಯಲ್ಲಿ ತಲೆತಲಾಂತರದಿಂದ ನಡೆದುಬಂದ ನಂಬಿಕೆ. ಆತನ ಕಾಯಕವಾವುದು? ಹುಲ್ಲನ್ನು ಕೊಯ್ದು, ಹುರಿಮಾಡಿ, ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ಜಂಗಮದಾಸೋಹವನ್ನು ನಡೆಯಿಸುವುದು. ಒಂದು ದಿನ ಹುಲ್ಲನ್ನು ಕೊಯ್ಯುತ್ತಿರುವಾಗ ಇಷ್ಟಲಿಂಗವು ಜಾರಿ ಬಿದ್ದಿತು. ಚಂದಯ್ಯನು ಅದರ ಕಡೆಗೆ ತಿರುಗಿಯೂ ನೋಡದೆ ತನ್ನ ಕೆಲಸವನ್ನು ಮುಂದುವರಿಸಿದನು. ಬಳಿಕ ಮಡಿವಾಳ ಮಾಚಯ್ಯನು ನಡುವೆ ಬಂದು ತಿಳಿಯಹೇಳಬೇಕಾಯಿತು. ಶೂನ್ಯಸಂಪಾದನೆಯನ್ನೋದಿದವರಿಗೆ ಈ ಪ್ರಸಂಗವು ತಿಳಿದೇ ಇದೆ. ಇದರ ತತ್ತ್ವಾರ್ಥವನ್ನು ವಿವರಿಸಲು ನಾನು ಅಧಿಕಾರಿಯಲ್ಲ. ಆದರೆ ಹಗ್ಗ ಹೊಸೆಯುವವನ ಕೈಗೆ ಇಷ್ಟು ದೊಡ್ಡ ಪದವಿಯನ್ನು ಕೊಟ್ಟ ಗ್ರಂಥವು ನಮ್ಮ ಮಠಗಳಲ್ಲಿ ಪೂಜೆಗೊಳ್ಳುತ್ತಿರುವಾಗ, ಹಗ್ಗವನ್ನೋ ಬಾಗಿಲನ್ನೋ ಯಂತ್ರದ ಬಿಡಿಭಾಗವನ್ನೋ ಮಾಡುವ ಹುಡುಗನು ಅದೇ ಮಠದ ಬಾಗಿಲಲ್ಲಿ ಸಂಕೋಚದಿಂದ ನಿಲ್ಲಬೇಕಾಗಿ ಬಂದಿರುವುದೇಕೆ ಎಂಬ ಪ್ರಶ್ನೆಯು ನನ್ನನ್ನು ಬಹುದಿನಗಳಿಂದ ಕಾಡುತ್ತಿದೆ.

ನಮ್ಮ ಮನೆಗಳಲ್ಲಿ ನಡೆಯುವುದನ್ನೇ ನೋಡೋಣ. ಹತ್ತನೆಯ ತರಗತಿಯ ಫಲಿತಾಂಶವು ಬಂದ ದಿನ ಮಗನ ಭವಿಷ್ಯವನ್ನು ಅಂಕಗಳ ಪಟ್ಟಿಯೇ ತೀರ್ಮಾನಿಸಿಬಿಡುತ್ತದೆ. ಹೆಚ್ಚು ಅಂಕ ಬಂದವನು ವಿಜ್ಞಾನಕ್ಕೆ, ನಡುವಣವನು ವಾಣಿಜ್ಯಕ್ಕೆ, ಎಲ್ಲಿಯೂ ಸಲ್ಲದವನು ಐ.ಟಿ.ಐ.ಗೆ. ಅವನ ಕೈ ಚುರುಕೇ, ಕಣ್ಣಳತೆ ಸರಿಯೇ, ಕೆಟ್ಟುಹೋದ ಪಂಪನ್ನು ಕಂಡರೆ ಬಿಚ್ಚಿನೋಡಬೇಕೆಂಬ ಹಂಬಲವಿದೆಯೇ ಎಂದು ಕೇಳುವವರೇ ಇಲ್ಲ. ಕನ್ಯೆಯನ್ನು ನೋಡಲು ಹೋದಲ್ಲಿ ಹುಡುಗನು ಏನು ಮಾಡುತ್ತಾನೆಂದು ಕೇಳಿ, ಫಿಟ್ಟರನೆಂಬ ಉತ್ತರ ಬಂದೊಡನೆ ತಟ್ಟೆಯಲ್ಲಿರುವ ಕಾಫಿಯು ತಣ್ಣಗಾಗುವುದನ್ನು ನಾನೇ ಕಂಡಿದ್ದೇನೆ. ಅದೇ ಮನೆಯ ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರವೂ ಅದರ ಕೆಳಗೆ ಕಾಯಕದ ಮಹಿಮೆಯನ್ನು ಸಾರುವ ಬರಹವೂ ಇದ್ದುವು. ಇದನ್ನು ಯಾರನ್ನೂ ನೋಯಿಸುವುದಕ್ಕಾಗಿ ಹೇಳುತ್ತಿಲ್ಲ. ನನ್ನ ಸ್ವಂತ ಮಗಳ ವಿವಾಹದ ಕಾಲದಲ್ಲಿ ನನ್ನ ಮನಸ್ಸೂ ಗುಮಾಸ್ತೆಯ ಕಡೆಗೇ ವಾಲಿತ್ತೆಂಬುದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ಈ ಸೀಮೆಗೆ ಕುಶಲವಿದ್ಯೆಯು ಹೊಸದಲ್ಲ. ದುರ್ಗದ ಕೋಟೆಯನ್ನೇರಿದವರು ಏಳು ಸುತ್ತಿನ ಗೋಡೆಗಳನ್ನೂ, ಬಂಡೆಯನ್ನು ಕೊರೆದು ಮಾಡಿದ ಎಣ್ಣೆಕೊಳವನ್ನೂ, ಮದ್ದನ್ನು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳನ್ನೂ ನೋಡಿರುತ್ತಾರೆ. 1779ರಲ್ಲಿ ಕೋಟೆಯು ಹೈದರಾಲಿಯ ವಶವಾಯಿತೆಂಬುದನ್ನೂ ನಾಯಕರ ಹೆಸರುಗಳನ್ನೂ ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆ ಕಲ್ಲನ್ನು ಕಡಿದು ಒಂದರ ಮೇಲೊಂದನ್ನು ಸಂದಿಲ್ಲದಂತೆ ಕೂಡಿಸಿದ ಕಲ್ಲುಕುಟಿಗರ ಹೆಸರು ಒಂದೂ ಯಾರ ಬಾಯಲ್ಲಿಯೂ ಇಲ್ಲ.

ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಸಂಗತಿಯು ಇನ್ನೂ ವಿಚಾರಾರ್ಹವಾದುದು. 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮತ್ತೋಡಿಗೂ ಬಂದಿದ್ದನು. ಊರಗೋಡೆಯ ಒಳಮಗ್ಗುಲಿಗೆ ಕಟ್ಟಿದ ಎತ್ತರವಾದ ಜಗಲಿಯಲ್ಲಿ ಗಾಜಿನ ಕುಲುಮೆಗಳಿದ್ದುದನ್ನೂ, ಅಲ್ಲಿ ಬಿಳಿಗಲ್ಲಿನ ಪುಡಿಯನ್ನೂ ಸವಳು ಮಣ್ಣಿನಿಂದ ತೆಗೆದ ಕ್ಷಾರವನ್ನೂ ಕರಗಿಸಿ ಹೆಂಗಸರ ಕೈಬಳೆಗಳನ್ನು ಮಾಡುತ್ತಿದ್ದುದನ್ನೂ ಆತನು ಬರೆದಿಟ್ಟಿದ್ದಾನೆ. ಕಪ್ಪು, ಹಸುರು, ಕೆಂಪು, ನೀಲಿ, ಹಳದಿ, ಹೀಗೆ ಐದು ಬಣ್ಣದ ಗಾಜು ಅಲ್ಲಿ ತಯಾರಾಗುತ್ತಿದ್ದಿತು. ಯಾವ ಬಣ್ಣಕ್ಕೆ ಯಾವ ಲೋಹದ ಭಸ್ಮ, ಎಷ್ಟು ಹೊತ್ತಿನ ಉರಿ, ಕರಗಿದ ಗಾಜನ್ನು ಯಾವ ಹದದಲ್ಲಿ ಸಲಾಕೆಗೆ ಎತ್ತಿಕೊಳ್ಳಬೇಕು ಎಂಬುದು ಕೆಲವೇ ಮನೆಗಳವರಿಗೆ ತಿಳಿದಿದ್ದ ವಿದ್ಯೆ. ತಂದೆಯು ಮಗನಿಗೆ ಮಾತ್ರ ಹೇಳಿಕೊಡುತ್ತಿದ್ದ ವಿದ್ಯೆ. ಕಾಲಾಂತರದಲ್ಲಿ ಹೊರಗಿನ ಬಳೆಗಳು ಅಗ್ಗವಾಗಿ ಸಂತೆಗೆ ಬಂದುವು. ಮತ್ತೋಡಿನ ಕುಲುಮೆಗಳು ಆರಿದುವು. ವ್ಯಾಪಾರವು ಹೋದುದಕ್ಕೆ ನಾನು ಅಷ್ಟಾಗಿ ವ್ಯಸನಪಡುವುದಿಲ್ಲ. ವ್ಯಾಪಾರವು ಬರುವುದು, ಹೋಗುವುದು. ವಿದ್ಯೆಯೂ ಜೊತೆಯಲ್ಲಿಯೇ ಹೋಯಿತಲ್ಲಾ ಎಂಬುದೇ ವ್ಯಸನ. ಕುಲಕ್ಕೆ ಕಟ್ಟಿಹಾಕಿದ ಕಸುಬಿನ ಗುಣವೂ ದೋಷವೂ ಎರಡೂ ಇಲ್ಲಿ ಕಾಣುತ್ತವೆ. ಮಗನು ತೊಟ್ಟಿಲಿನಿಂದಲೇ ಕಲಿಯುವನು, ಅದು ಗುಣ. ಮಗನಲ್ಲದವನು ಎಷ್ಟು ಬಯಸಿದರೂ ಕಲಿಯಲಾರನು, ಮಗನಾದವನು ಬಯಸದಿದ್ದರೂ ಬಿಡಲಾರನು, ಅದು ದೋಷ.

ಹಿರಿಯೂರಿನವರಿಗೆ ಮಾರಿಕಣಿವೆಯ ವಿಷಯವನ್ನು ಹೇಳಬೇಕಾಗಿಲ್ಲ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ವಾಣೀವಿಲಾಸಸಾಗರದ ಅಣೆಯು ಕಲ್ಲಿನಿಂದಲೂ ಸುಣ್ಣ ಸುರಕಿಗಳ ಗಾರೆಯಿಂದಲೂ ಕಟ್ಟಿದುದು. 130 ಅಡಿ ನೀರು ನಿಲ್ಲುವ ಆ ಜಲಾಶಯವು 1933ರಲ್ಲಿ ತುಂಬಿ ಹರಿದು, ಮತ್ತೆ 89 ವರ್ಷಗಳ ತರುವಾಯ 2022ರಲ್ಲಿ ತುಂಬಿ ಕೋಡಿ ಬಿದ್ದಾಗ ನೋಡಲು ಹೋದ ಜನಸಂದಣಿಯಲ್ಲಿ ನಾನೂ ಒಬ್ಬನಾಗಿದ್ದೆನು. ಎಲ್ಲರೂ ನೀರನ್ನು ನೋಡುತ್ತಿದ್ದರು. ನಾನು ಗಾರೆಯನ್ನು ನೋಡುತ್ತಿದ್ದೆನು. ಸುಣ್ಣವನ್ನು ಎಷ್ಟು ದಿನ ನೆನೆಯಿಸಬೇಕು, ಸುಟ್ಟ ಇಟ್ಟಿಗೆಯ ಪುಡಿಯನ್ನು ಎಷ್ಟು ಸಣ್ಣಗೆ ಅರೆಯಬೇಕೆಂಬುದನ್ನು ಬಲ್ಲ ಕೈಗಳು ಈಗ ಅತಿವಿರಳ. ಹಳೆಯ ದೇವಾಲಯದ್ದೋ ಮಠದ್ದೋ ಗೋಡೆಯು ಮಳೆಗೆ ಕುಸಿದಾಗ ಅದನ್ನು ಸುಣ್ಣದ ಗಾರೆಯಲ್ಲಿಯೇ ಮತ್ತೆ ಕಟ್ಟಬಲ್ಲವನನ್ನು ಹುಡುಕುತ್ತ ಹೊರಟವರಿಗೆ ಈ ಮಾತಿನ ಕಷ್ಟವು ತಿಳಿಯುವುದು. ಸಿಮೆಂಟಿನ ತೇಪೆಯನ್ನು ಹಾಕಿ ಕೈತೊಳೆದುಕೊಂಡಿರುವ ಸ್ಥಳಗಳು ನಮ್ಮಲ್ಲಿ ಹಲವಿವೆ.

ಕುಲದ ಕಟ್ಟನ್ನು ಬಿಡಿಸಿ ಕಸುಬನ್ನು ಎಲ್ಲರ ಮಕ್ಕಳಿಗೂ ತೆರೆದುದು ಶಾಲೆಯ ರೂಪದ ಶಿಕ್ಷಣ. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಏರ್ಪಟ್ಟ ಆರ್ಥಿಕ ಸಮ್ಮೇಳನವೂ, ಮರುವರ್ಷ ದಿವಾನರಾದ ವಿಶ್ವೇಶ್ವರಯ್ಯನವರೂ ಕೈಗಾರಿಕಾ ಶಿಕ್ಷಣದ ವಿಷಯವನ್ನು ಮುಂದಕ್ಕೆ ತಂದರು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯು ಬಡಗಿ, ಕಮ್ಮಾರ, ಕೆತ್ತನೆಯ ಕೆಲಸಗಳನ್ನು ಹೇಳಿಕೊಡುತ್ತಿದ್ದಿತು. ದಿವಾನಗಿರಿಯನ್ನು ಬಿಟ್ಟು ಇಪ್ಪತ್ತೈದು ವರ್ಷಗಳಾದ ಮೇಲೂ ವಿಶ್ವೇಶ್ವರಯ್ಯನವರು ಈ ಚಿಂತೆಯನ್ನು ಬಿಡದೆ, 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಗಲು ಕಾರಣರಾದರು. ಪದವಿಯ ಎಂಜಿನಿಯರನಿಗೂ ಅಕ್ಷರವರಿಯದ ಕೂಲಿಗೂ ನಡುವೆ ಕೈಬಲ್ಲ, ನಕ್ಷೆಯನ್ನೋದಬಲ್ಲ ಒಂದು ವರ್ಗವು ಬೇಕೆಂಬುದು ಅಂತಹ ಸಂಸ್ಥೆಗಳ ಉದ್ದೇಶವಾಗಿತ್ತು. ಸ್ವಾತಂತ್ರ್ಯಾನಂತರ 1950ರಲ್ಲಿ ಭಾರತ ಸರ್ಕಾರವು ಕುಶಲಕರ್ಮಿಗಳ ತರಬೇತಿಯ ಯೋಜನೆಯನ್ನು ಆರಂಭಿಸಿತು, ಇಂದಿನ ಐ.ಟಿ.ಐ.ಗಳು ಅದರ ಫಲ. 1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಗಳೂ ಹುಡುಗರನ್ನು ತೆಗೆದುಕೊಂಡು ಕಲಿಸಬೇಕೆಂದು ವಿಧಿಸಿತು. ಹದಿನಾಲ್ಕು ವರ್ಷ ತುಂಬಿದ ಯಾವ ಹುಡುಗನೂ, ಯಾವ ಹುಡುಗಿಯೂ ಈಗ ಅರ್ಜಿ ಹಾಕಬಹುದು. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಕೆಲಸಗಳಿಗೆ ಎರಡು ವರ್ಷ. ವೆಲ್ಡಿಂಗ್, ಬಡಗಿ, ಕೊಳಾಯಿಯ ಕೆಲಸಗಳಿಗೆ ಒಂದು ವರ್ಷ. 2022ರಲ್ಲಿ ನಮ್ಮ ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳಿಗೆ ಹೊಸ ಯಂತ್ರಗಳು ಬಂದು, ಗಣಕಯಂತ್ರದಿಂದ ನಡೆಯುವ ಲೇಥುಗಳನ್ನು ಹಳ್ಳಿಯ ಮಕ್ಕಳು ಮುಟ್ಟುವಂತಾಯಿತು. ಅಂದಮೇಲೆ ಶಾಲೆಯಿಲ್ಲವೆಂಬುದು ಈಗಿನ ದೂರಲ್ಲ.

ಕಸುಬಿನ ಶಾಲೆಯಲ್ಲಿ ಕಲಿಯುವುದೇನೆಂಬುದನ್ನು ನೋಡದವರಿಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆಯನ್ನು ಬೇಡುತ್ತೇನೆ. ಫಿಟ್ಟರ್ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲ ವಾರಗಳಲ್ಲಿ ಯಂತ್ರವನ್ನು ಮುಟ್ಟಗೊಡುವುದಿಲ್ಲ. ಅಂಗೈಯಗಲದ ಒಂದು ಉಕ್ಕಿನ ತುಂಡನ್ನು ವೈಸಿನಲ್ಲಿ ಬಿಗಿದು, ಕೈಗೆ ಒಂದು ಅರವನ್ನು ಕೊಡುತ್ತೇವೆ. ಅದರ ಮುಖವನ್ನು ಸಮತಟ್ಟಾಗಿ ಉಜ್ಜಬೇಕು, ಇಷ್ಟೇ ಪಾಠ. ಹುಡುಗನು ನಗುತ್ತಾನೆ, ಇದೇನು ಮಹಾ ವಿದ್ಯೆಯೆಂದು. ಸಂಜೆಯ ವೇಳೆಗೆ ಅವನ ತುಂಡಿನ ನಡು ಉಬ್ಬಿ ಅಂಚುಗಳು ತಗ್ಗಾಗಿರುತ್ತವೆ. ಏಕೆಂದರೆ ಅರವು ಅವನ ಕೈಯಲ್ಲಿ ತೊಟ್ಟಿಲಿನಂತೆ ತೂಗಿದೆ. ಕಾಲುಗಳನ್ನು ಎಷ್ಟು ಅಗಲಿಸಿ ನಿಲ್ಲಬೇಕು, ಮುಂದಕ್ಕೆ ನೂಕುವಾಗ ಭಾರವನ್ನು ಒಂದು ಕೈಯಿಂದ ಮತ್ತೊಂದಕ್ಕೆ ಹೇಗೆ ಸಾಗಿಸಬೇಕು, ಹಿಂದಕ್ಕೆ ಎಳೆಯುವಾಗ ಹೇಗೆ ಹಗುರ ಬಿಡಬೇಕು ಎಂಬುದನ್ನು ಬಾಯಿಂದ ಹೇಳಿದರೆ ಆಗುವುದಿಲ್ಲ. ಅವನ ಕೈಯ ಮೇಲೆ ನಮ್ಮ ಕೈಯನ್ನಿಟ್ಟು ತೋರಿಸಬೇಕು. ಬಳಿಕ ಮೂಲೆಮಟ್ಟವನ್ನು ಉಕ್ಕಿನ ಮೇಲಿರಿಸಿ ಬೆಳಕಿಗೆ ಹಿಡಿಯುತ್ತೇವೆ. ಮಟ್ಟದ ಅಲಗಿಗೂ ಉಕ್ಕಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಇಣುಕಿದರೂ ಕೆಲಸವು ತಪ್ಪು. ಅಲ್ಲಿ ಶಿಫಾರಸು ನಡೆಯುವುದಿಲ್ಲ. ತಂದೆಯ ಹೆಸರು ನಡೆಯುವುದಿಲ್ಲ. ಉರುಹೊಡೆದ ಉತ್ತರ ನಡೆಯುವುದಿಲ್ಲ. ಸುಳ್ಳು ಹೇಳಲು ಎಡೆಯೇ ಇಲ್ಲದ ಪರೀಕ್ಷೆಯದು. ಕೆಲವು ವಾರಗಳು ಕಳೆದು ಒಂದು ದಿನ ಬೆಳಕು ಇಣುಕದಂತಾದಾಗ ಆ ಹುಡುಗನ ಮುಖದಲ್ಲಿ ಉಂಟಾಗುವ ಕಳೆಯನ್ನು ಕಂಡವರು, ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನಿಲ್ಲಿಸುವವನ ಏಕಾಗ್ರತೆಗೂ ಇದಕ್ಕೂ ಬಹಳ ದೂರವಿಲ್ಲವೆಂದು ಒಪ್ಪುವರು. ಈ ಮಾತು ಅತಿಯಾಯಿತೆಂದು ಹಿರಿಯರಿಗೆ ತೋರಿದರೆ ಹಿಂತೆಗೆದುಕೊಳ್ಳುತ್ತೇನೆ. ಆದರೆ ತೋರಿದುದನ್ನು ಹೇಳದೆಯೂ ಇರಲಾರೆ.

ಹೀಗೆ ಶಾಲೆಯೂ ಉಂಟು, ಕಲಿಸುವವರೂ ಉಂಟು. ಹಾಗಾದರೆ ಹುಡುಗರು ನಡುವೆಯೇ ಬಿಟ್ಟುಹೋಗುವುದೇಕೆ? ಇದಕ್ಕೆ ನನ್ನ ಅನುಭವದ ಒಂದು ಸಂಗತಿಯನ್ನು ಹೇಳುತ್ತೇನೆ. ಊರಿನ ಹೆಸರೂ ಸಂಸ್ಥೆಯ ಹೆಸರೂ ಬೇಡ.

ಹೊಸದುರ್ಗದ ಕಡೆಯ ಒಂದು ಹಳ್ಳಿಯಿಂದ ಒಬ್ಬ ಹುಡುಗನು ಬರುತ್ತಿದ್ದನು. ಮೂರು ಎಕರೆ ಖುಷ್ಕಿ, ಒಣಗಿದ ಒಂದು ಕೊಳವೆಬಾವಿ, ತಾಯಿ, ತಂಗಿ. ಇಷ್ಟೇ ಅವನ ಸಂಸಾರ. ಕೈಯೆಂದರೆ ಅಂತಹ ಕೈ ನನ್ನ ತರಗತಿಯಲ್ಲಿ ಮತ್ತೊಂದಿರಲಿಲ್ಲ. ಆದರೆ ವಾರದಲ್ಲಿ ಮೂರು ದಿನ ತಡವಾಗಿ ಬರುತ್ತಿದ್ದನು. ಹಳ್ಳಿಯಿಂದ ಬರುವ ಮೊದಲನೆಯ ಬಸ್ಸು ಎರಡನೆಯ ಬಸ್ಸಿಗೆ ಸೇರುತ್ತಿರಲಿಲ್ಲವೆಂಬುದು ನನಗೆ ಆಮೇಲೆ ತಿಳಿಯಿತು. ಶಿಸ್ತಿನ ಹೆಸರಿನಲ್ಲಿ ನಾನು ಅವನನ್ನು ಹಲವು ಸಲ ಬಾಗಿಲ ಹೊರಗೆ ನಿಲ್ಲಿಸಿದೆನು. ಒಂದು ದಿನ ಬೆಳಗ್ಗೆ ಬೇಗನೆ ಕಾರ್ಯಾಗಾರಕ್ಕೆ ಹೋದಾಗ ಅವನು ಹೊರಜಗಲಿಯ ಮೇಲೆ ಚೀಲವನ್ನು ತಲೆಗಿಟ್ಟುಕೊಂಡು ಮಲಗಿದ್ದನು. ತಡವಾಗಬಾರದೆಂದು ಹಿಂದಿನ ರಾತ್ರಿ ಊರಿಗೇ ಹೋಗಿರಲಿಲ್ಲ. ರಾತ್ರಿ ಊಟವನ್ನೂ ಮಾಡಿರಲಿಲ್ಲ. ಎರಡನೆಯ ವರ್ಷದ ಮುಂಗಾರು ಬಿತ್ತನೆಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಬೆಂಗಳೂರಿನ ಒಂದು ಬಹುಮಹಡಿ ಕಟ್ಟಡದ ಬಾಗಿಲಲ್ಲಿ ಕಾವಲುಗಾರನ ಸಮವಸ್ತ್ರದಲ್ಲಿ ಅವನನ್ನು ಕಂಡೆನು. ಗುರುತು ಹಿಡಿದು ಎದ್ದುನಿಂತು ಕೈಮುಗಿದನು. ನಾನು ತಲೆ ಎತ್ತಲಾರದೆ ಹೋದೆನು. ಅವನ ಕೈಗೆ ಬೇಕಾಗಿದ್ದುದು ನನ್ನ ಶಿಸ್ತಲ್ಲ. ಒಂದು ಚಾಪೆ, ಎರಡು ಹೊತ್ತಿನ ಊಟ.

ಸರ್ಕಾರದ ವಿದ್ಯಾರ್ಥಿನಿಲಯಗಳಿಲ್ಲವೇ ಎಂದು ಕೇಳಬಹುದು. ಉಂಟು, ಅವುಗಳಿಂದ ಬಹುಜನರಿಗೆ ಉಪಕಾರವೂ ಆಗಿದೆ. ಆದರೆ ಅರ್ಜಿಗಳು ಹೆಚ್ಚು, ಹಾಸಿಗೆಗಳು ಕಡಿಮೆ. ಅಲ್ಲದೆ ಮೆಟ್ರಿಕ್ ನಂತರದ ನಿಲಯವೆಂಬ ಹೆಸರೇ ಹೇಳುವಂತೆ ಅದು ಹತ್ತನೆಯ ತರಗತಿಯನ್ನು ದಾಟಿದವರಿಗಾಗಿ ಏರ್ಪಟ್ಟುದು. ಎಂಟನೆಯ ತರಗತಿಯಿಂದ ವೆಲ್ಡಿಂಗಿಗೆ ಸೇರಬಹುದಾದ ಹುಡುಗನು, ಎಂದರೆ ಎಲ್ಲರಿಗಿಂತ ಬಡವನಾದವನು, ಅಲ್ಲಿಗೆ ಸಲ್ಲದೆ ಉಳಿಯುತ್ತಾನೆ.

ಇಲ್ಲಿಯೇ ಮಠಗಳ ಮಾತು ಬರುವುದು. ಹಸಿದ ವಿದ್ಯಾರ್ಥಿಗೆ ಅನ್ನವನ್ನೂ ನೆರಳನ್ನೂ ಕೊಡುವ ಕಾರ್ಯವನ್ನು ಕನ್ನಡನಾಡಿನಲ್ಲಿ ಮಠಗಳಂತೆ ಮಾಡಿದವರು ಮತ್ತಾರು? ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಜಗದ್ಗುರುಗಳವರು ಕಳೆದ ಶತಮಾನದ ಪೂರ್ವಾರ್ಧದಲ್ಲಿಯೇ ಊರೂರು ಸಂಚರಿಸಿ ನಾಡಿನ ಹಲವು ಪಟ್ಟಣಗಳಲ್ಲಿ ಉಚಿತ ಪ್ರಸಾದನಿಲಯಗಳನ್ನು ಸ್ಥಾಪಿಸಿದರು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ನಿತ್ಯದಾಸೋಹವನ್ನು ನಡೆಯಿಸಿದರು. ಸಿರಿಗೆರೆಯ ಶ್ರೀ ಶಿವಕುಮಾರ ಶಿವಾಚಾರ್ಯರು ಹಳ್ಳಿಹಳ್ಳಿಗೂ ಶಾಲೆಯನ್ನೊಯ್ದರು. ಮಲ್ಲಾಡಿಹಳ್ಳಿಯಲ್ಲಿ ಅನಾಥಸೇವಾಶ್ರಮವನ್ನು ಕಟ್ಟಿದ ಶ್ರೀ ರಾಘವೇಂದ್ರ ಸ್ವಾಮಿಗಳವರು ತಮ್ಮನ್ನು ತಿರುಕನೆಂದೇ ಕರೆದುಕೊಂಡು ಬೇಡಿ ತಂದುದರಿಂದ ಮಕ್ಕಳನ್ನು ಸಾಕಿದರು. ಇಂತಹ ನಿಲಯಗಳಲ್ಲಿ ಉಂಡವರೇ ವಕೀಲರಾದರು, ಉಪಾಧ್ಯಾಯರಾದರು, ಅಮಲ್ದಾರರಾದರು, ಮಂತ್ರಿಗಳೂ ಆದರು. ಆ ಉಪಕಾರವನ್ನು ಮರೆತು ಮಾತನಾಡುವುದು ಕೃತಘ್ನತೆಯಾದೀತು. ಆದರೆ ನಿಲಯದ ಪಟ್ಟಿಗಳನ್ನು ಒಮ್ಮೆ ತೆರೆದು ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಪುಸ್ತಕವನ್ನು ಹಿಡಿದು ಬಂದವನಿಗೆ ಹಾಸಿಗೆ ದೊರೆತಷ್ಟು ಸುಲಭವಾಗಿ ಉಪಕರಣವನ್ನು ಹಿಡಿದು ಬಂದವನಿಗೂ ದೊರೆತಿದೆಯೇ? ಯಾರೂ ಬೇಡವೆಂದವರಿಲ್ಲ, ಅವನೂ ವಿದ್ಯಾರ್ಥಿಯೆಂದು ಯಾರಿಗೂ ತೋಚಲಿಲ್ಲ, ಅಷ್ಟೆ.

ಮಠವು ಮನಸ್ಸು ಮಾಡಿದರೆ ಒಂದು ವೃತ್ತಿಯ ಮಾನವೇ ಬದಲಾಗಬಲ್ಲದೆಂಬುದಕ್ಕೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯೇ ಸಾಕ್ಷಿ. ನಾಟಕದವನೆಂದರೆ ಹಳ್ಳಿಯವರು ಮೂಗುಮುರಿಯುತ್ತಿದ್ದ ಕಾಲವೊಂದಿತ್ತು. ಅಲ್ಲಿಯ ಶ್ರೀ ಪಂಡಿತಾರಾಧ್ಯ ಸ್ವಾಮಿಗಳವರು 1997ರಲ್ಲಿ ಶಿವಸಂಚಾರವನ್ನು ಆರಂಭಿಸಿ, ತರುಣ ತರುಣಿಯರಿಗೆ ಅಭಿನಯದ ಜೊತೆಗೆ ಬೆಳಕು, ರಂಗಸಜ್ಜಿಕೆ, ಪ್ರಸಾಧನಗಳನ್ನೂ ಕಲಿಸಿ, ಅನ್ನ ವಸತಿಗಳನ್ನಿತ್ತು, ವರ್ಷಕ್ಕೆ ಮೂರು ನಾಟಕಗಳೊಡನೆ ನಾಡನ್ನು ಸುತ್ತಿಸಿದರು. ಅಲ್ಲಿ ಕಲಿತು ಹೊರಬಂದವನು ಈಗ ತಲೆ ಎತ್ತಿ ತನ್ನ ವೃತ್ತಿಯನ್ನು ಹೇಳಿಕೊಳ್ಳುತ್ತಾನೆ. ರಂಗದ ಕೆಲಸಕ್ಕೆ ಸಾಧ್ಯವಾದುದು ರಂಧ ಹಿಡಿಯುವ ಕೆಲಸಕ್ಕೆ ಸಾಧ್ಯವಾಗದೇ?

ಕಲಿತವರಿಗೆ ಕೆಲಸವೆಲ್ಲಿ ಎಂಬ ಸಂಶಯವು ಸಹಜ. ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿರಿ. ಹೊಳಲ್ಕೆರೆಯ ಅಡಿಕೆ, ಹೊಸದುರ್ಗ ಹಿರಿಯೂರುಗಳ ತೆಂಗು, ಎಲ್ಲವೂ ಕೊಳವೆಬಾವಿಯ ಪಂಪುಗಳನ್ನು ನಂಬಿವೆ. ಬೇಸಗೆಯಲ್ಲಿ ಮೋಟಾರು ಸುಟ್ಟರೆ ತೋಟವು ವಾರದೊಳಗೆ ಬಾಡುವುದು. ರಿವೈಂಡಿಂಗ್ ಮಾಡುವವನ ಅಂಗಡಿಯ ಮುಂದೆ ರೈತರು ಸರದಿಯಲ್ಲಿ ಕಾಯುವುದನ್ನು ಯಾರು ಕಂಡಿಲ್ಲ? ಜೋಗಿಮಟ್ಟಿಯ ಸಾಲುಬೆಟ್ಟಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಅವುಗಳನ್ನೇರಿ ದುರಸ್ತಿ ಮಾಡುವವರು ಎಷ್ಟು ಮಂದಿ ನಮ್ಮ ಊರಿನ ಹುಡುಗರೋ ನೀವೇ ವಿಚಾರಿಸಿಕೊಳ್ಳಿರಿ. ಹಿರಿಯೂರು ಹೆದ್ದಾರಿಯಲ್ಲಿ ಹಗಲಿರುಳು ಲಾರಿಗಳು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯೂ ರಕ್ಷಣಾ ಸಂಶೋಧನೆಯ ಕೇಂದ್ರವೂ ಬಂದು ನೆಲಸಿವೆ. ಅಲ್ಲಿ ವಿಜ್ಞಾನಿಗಳಷ್ಟೇ ಸಾಲರು; ಅವರ ಯಂತ್ರಗಳನ್ನು ಕೂಡಿಸುವ ಕೈಗಳೂ ಬೇಕು.

ಸಣ್ಣ ಅವಧಿಯ ತರಬೇತಿಗಳನ್ನೂ ಇಲ್ಲಿ ನೆನೆಯಬೇಕು. ಧರ್ಮಸ್ಥಳದ ಟ್ರಸ್ಟೂ ಎರಡು ಬ್ಯಾಂಕುಗಳೂ ಕೂಡಿ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಶಾಖೆಯು ಚಿತ್ರದುರ್ಗದಲ್ಲಿಯೂ ಉಂಟು. ಅಲ್ಲಿ ಊಟ ವಸತಿಗಳೊಡನೆ ಉಚಿತವಾಗಿ ಕಲಿಸುತ್ತಾರೆ. ಅದರ ಯಶಸ್ಸಿನ ಗುಟ್ಟು ಆ ಊಟ ವಸತಿಗಳಲ್ಲಿಯೇ ಇದೆಯೆಂದು ನನ್ನ ಎಣಿಕೆ. ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯು ಹದಿನೆಂಟು ಕಸುಬುಗಳವರಿಗೆ ಐದರಿಂದ ಏಳು ದಿನಗಳ ತರಬೇತಿ, ದಿನಕ್ಕೆ 500 ರೂಪಾಯಿ, ಉಪಕರಣಗಳಿಗೆ 15,000 ರೂಪಾಯಿ, ಅಲ್ಪಬಡ್ಡಿಯ ಸಾಲ ಇವುಗಳನ್ನು ಕೊಡುತ್ತದೆ. ಆ ಪಟ್ಟಿಯಲ್ಲಿ ಕುಂಬಾರ, ಮಡಿವಾಳ, ದರ್ಜಿ, ಚಮ್ಮಾರ, ಬುಟ್ಟಿ ಹೆಣೆಯುವವ, ನಾರು ಹೊಸೆಯುವವ ಎಲ್ಲರೂ ಇದ್ದಾರೆ. ಓದುವಾಗ ನನಗೆ ಅನುಭವಮಂಟಪದ ಹಾಜರಿಪಟ್ಟಿಯನ್ನು ಓದಿದಂತೆಯೇ ಆಯಿತು. ಆದರೆ ಈ ಯೋಜನೆಯು ಕಸುಬನ್ನು ಆಗಲೇ ಬಲ್ಲವನಿಗೆ ಊರೆಗೋಲು. ಏನನ್ನೂ ಅರಿಯದ ಹದಿನಾರು ವರ್ಷದ ಹುಡುಗನನ್ನು ವಾರದಲ್ಲಿ ಬಡಗಿಯನ್ನಾಗಿ ಮಾಡಲು ಯಾರಿಂದಲೂ ಆಗದು. ಅದಕ್ಕೆ ಕಾಲ ಬೇಕು. ಕಾಲವೆಂದರೆ ಅಷ್ಟು ದಿನದ ಅನ್ನ.

ಹೆಣ್ಣುಮಕ್ಕಳ ಮಾತನ್ನು ಬಿಡಲಾಗದು. ನೂಲುತ್ತಿದ್ದ ಕದಿರ ರೆಮ್ಮವ್ವೆಯೂ ಕುಟ್ಟುತ್ತಿದ್ದ ಕೊಟ್ಟಣದ ಸೋಮವ್ವೆಯೂ ಶರಣಗಣದಲ್ಲಿ ಸಮಾನಸ್ಥಾನವನ್ನು ಪಡೆದವರು. ಇಂದು ಹುಡುಗಿಯು ಕಸುಬನ್ನು ಕಲಿಯುವೆನೆಂದರೆ ಹೊಲಿಗೆಯ ಯಂತ್ರದ ಕಡೆಗೆ ಬೆರಳು ತೋರಿಸಿ ಸುಮ್ಮನಾಗುತ್ತೇವೆ. ಹೊಲಿಗೆಯು ಕೀಳೆಂದು ನಾನು ಹೇಳೆನು. ಸೂಜಿಕಾಯಕದ ರಾಮಿತಂದೆಯು ಗಂಡಸೇ. ಆದರೆ ಎಲೆಕ್ಟ್ರಿಷಿಯನ್ ತರಗತಿಯಲ್ಲಿ ತಂತಿಯ ಜೋಡಣೆಯನ್ನು ಗಂಡುಹುಡುಗರಿಗಿಂತ ಅಚ್ಚುಕಟ್ಟಾಗಿ ಮಾಡಿದ ಹುಡುಗಿಯರನ್ನು ನಾನು ನೋಡಿದ್ದೇನೆ. ಅವರಿಗೆ ನಿಲಯದ ಅಗತ್ಯವು ಇಮ್ಮಡಿ. ಕತ್ತಲಾದ ಮೇಲೆ ಬಸ್ಸಿಳಿದು ನಡೆಯುವ ಹಾದಿಯನ್ನು ನೆನೆದೇ ತಾಯಂದಿರು ಅವರ ಓದನ್ನು ನಿಲ್ಲಿಸುತ್ತಾರೆ.

ಒಂದು ಆಕ್ಷೇಪವನ್ನು ನಾನೇ ಎತ್ತಿ ಹೇಳುತ್ತೇನೆ. ಪೂಜೆ, ವಚನಪಠನ, ಅಧ್ಯಯನಗಳು ನಡೆಯುವ ನಿಲಯಕ್ಕೆ ಎಣ್ಣೆಯ ಬಟ್ಟೆಯ ಹುಡುಗರು ಬಂದರೆ ಶಿಸ್ತು ಕೆಡುವುದೆಂದು ಒಬ್ಬ ಹಿರಿಯರು ನನ್ನೊಡನೆ ಅಂದರು. ಬೆಳಗ್ಗೆ ಎಂಟು ಗಂಟೆಯೊಳಗೆ ಮಿಂದು ಪೂಜೆಮಾಡಿ ಉಂಡು ಕೆಲಸಕ್ಕೆ ಹೊರಡಬೇಕಾದ ಹುಡುಗರಿಂದ ಶಿಸ್ತು ಕೆಡುವುದೋ ಬರುವುದೋ ಒಂದು ವರ್ಷ ನೋಡಿಯೇ ತೀರ್ಮಾನಿಸಬಹುದು. ಎಣ್ಣೆಯ ಬಟ್ಟೆಗೆ ಸಾಬೂನು ಉಂಟು.

ಇನ್ನು ಶ್ರೀಸನ್ನಿಧಿಯಲ್ಲಿ ನನ್ನ ಅರಿಕೆ. ಶ್ರೀಮಠದ ಪ್ರಸಾದನಿಲಯದಲ್ಲಿ ಇಪ್ಪತ್ತು ಹಾಸಿಗೆಗಳನ್ನು, ನಾಲ್ಕು ತಾಲ್ಲೂಕುಗಳಿಗೆ ಐದೈದರಂತೆ, ಕಸುಬನ್ನು ಕಲಿಯುವ ಮಕ್ಕಳಿಗೆಂದು ಮೀಸಲಿಡಬೇಕು. ಜಾತಿಯನ್ನಾಗಲಿ ಅಂಕವನ್ನಾಗಲಿ ಕೇಳದೆ, ಊರಿನ ದೂರವನ್ನೂ ಮನೆಯ ಬಡತನವನ್ನೂ ಮಾತ್ರ ನೋಡಬೇಕು. ಹುಡುಗಿಯರಿಗೆ ಪ್ರತ್ಯೇಕವಾದ ಏರ್ಪಾಟನ್ನು ತಾಯಂದಿರ ಸಂಘದವರು ವಹಿಸಿಕೊಳ್ಳುವುದಾದರೆ ಅದರ ಕೋಣೆಗಳಿಗೆ ವಿದ್ಯುತ್ತಿನ ಕೆಲಸವನ್ನು ನನ್ನ ಹಳೆಯ ಶಿಷ್ಯರೇ ಕೂಲಿಯಿಲ್ಲದೆ ಮಾಡಿಕೊಡಲು ಒಪ್ಪಿದ್ದಾರೆ. ಎರಡನೆಯದಾಗಿ, ಕಲಿತು ಹೊರಡುವವನಿಗೆ ಒಂದು ಉಪಕರಣದ ಪೆಟ್ಟಿಗೆಯನ್ನು ಸಾಲವಾಗಿ ಕೊಟ್ಟು, ಅವನು ಗಳಿಸಿದ ಮೇಲೆ ತಿಂಗಳಿಗಿಷ್ಟರಂತೆ ಹಿಂದಿರುಗಿಸಿಕೊಂಡು, ಆ ಹಣದಲ್ಲಿ ಮುಂದಿನವನಿಗೆ ಪೆಟ್ಟಿಗೆಯನ್ನು ಕೊಳ್ಳಬೇಕು. ಸುಣ್ಣದ ಗಾರೆಯನ್ನು ಬಲ್ಲ ಮುದುಕರು ಈ ಸೀಮೆಯಲ್ಲಿ ಎಲ್ಲಿಯಾದರೂ ಉಳಿದಿದ್ದರೆ ಅವರನ್ನು ಕರೆತಂದು, ಶ್ರೀಮಠದ ಹಳೆಯ ಗೋಡೆಯ ಜೀರ್ಣೋದ್ಧಾರವನ್ನೇ ನೆವಮಾಡಿಕೊಂಡು, ನಾಲ್ವರು ಹುಡುಗರಿಗೆ ಕಲಿಸುವಂತಾದರೆ ಮತ್ತೋಡಿನ ಗಾಜಿಗೆ ಆದುದು ದುರ್ಗದ ಗಾರೆಗೆ ಆಗದಂತೆ ತಡೆದಂತಾಗುವುದು.

ಐ.ಟಿ.ಐ.ಗಳ ತರಗತಿಗಳು ಆಗಸ್ಟ್ ತಿಂಗಳ ಸುಮಾರಿಗೆ ಆರಂಭವಾಗುತ್ತವೆ. ಅಷ್ಟರೊಳಗೆ ತೀರ್ಮಾನವಾಗಬೇಕಾದುದರಿಂದ ಅರ್ಜಿಯ ನಮೂನೆಯನ್ನೂ ಒಂದು ವರ್ಷದ ವೆಚ್ಚದ ಅಂದಾಜನ್ನೂ ಬರೆದುಕೊಂಡು ಬಂದಿದ್ದೇನೆ. ಸಭೆಯು ಮುಗಿದೊಡನೆ ಶ್ರೀಮಠದ ಕಾರ್ಯದರ್ಶಿಗಳವರಿಗೆ ಒಪ್ಪಿಸುವೆನು.